ಕಂಡಕ್ಟರಮ್ಮನ ಎರಡು ಸೀಟಿ

ಕೆಲವರಿಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ. ನಮ್ಮ ಬಡಾವಣೆಯ ಕಂಡಕ್ಟರಮ್ಮನಿಗೆ ನಗು. ನನ್ನ ಬಳಿಯೇ ಓದಿದ ಹುಡುಗಿ. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿತ್ತು. ಒಂದು ಸಲ ಊದಿದರೆ ಬಸ್ಸು ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಡ್ರೈವರಣ್ಣ ತಿರುಗಿ ನೋಡುವವನೇ ಅಲ್ಲ. “ಹಿಂದೆ ನೋಡೋದು ತಂಗಿ ಕೆಲಸ, ಮುಂದೆ ನೋಡೋದು ನಂದು” ಎನ್ನುತ್ತಿದ್ದ.

ಆಕೆ ಬಸುರಿಯಾದಾಗ, ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇರುವುದು ತಿಳಿಯಿತು. ಆಕೆಗೆ ನೋವಿಲ್ಲ, ಜ್ವರವಿಲ್ಲ. ಆದರೆ ಹೆರಿಗೆಯ ಹೊತ್ತಿನಲ್ಲಿ ಅದು ಮಗುವಿಗೆ ದಾಟಬಹುದಂತೆ. ಹೆಣ್ಣುಮಗು ಹುಟ್ಟಿದ ಕೂಡಲೇ ನರ್ಸಮ್ಮ ಒಂದು ತೊಡೆಗೆ ಲಸಿಕೆಯನ್ನೂ ಇನ್ನೊಂದಕ್ಕೆ ವೈರಸ್ ತಡೆಯುವ ಮತ್ತೊಂದು ಚುಚ್ಚುಮದ್ದನ್ನೂ ಕೊಟ್ಟರು.

“ಹಾಲು ಕುಡಿಸಿ, ಮುತ್ತು ಕೊಡಿ, ಏನೂ ಆಗಲ್ಲ. ಉಳಿದ ಲಸಿಕೆ ಮಾತ್ರ ತಪ್ಪಿಸ್ಬೇಡಿ.”

ಹಾಲೇನೋ ಕುಡಿಸಿದಳು. ಮುತ್ತು ಕೊಡಲು ಧೈರ್ಯ ಸಾಲಲಿಲ್ಲ. ಅಂಗಾಲಿಗೊಂದು ಕೊಡುವಳು, ಅದೂ ಕಾಲುಚೀಲದ ಮೇಲೆ!

“ಮಗೂಗೆ ಕೆನ್ನೆ ಅಂತ ಇರೋದು ಯಾಕಮ್ಮ?” ಎಂದು ಅತ್ತೆ ಛೇಡಿಸುತ್ತಿದ್ದರು.

“ರಿಪೋರ್ಟ್ ಬರ್ಲಿ ಅತ್ತೆ, ಆಮೇಲೆ ನೀವೇ ಸಾಕು ಅಂತೀರ.”

ಹೊತ್ತ ಒಂಬತ್ತು ತಿಂಗಳು ಸಾಲದೆಂಬಂತೆ ಹೆತ್ತ ಮೇಲೂ ಅಷ್ಟೇ ಕಾಯಬೇಕಾಯಿತು. ವೈರಸ್ ದಾಟಿದೆಯೋ ಇಲ್ಲವೋ ಎಂಬುದು ಆಗಿನ ರಕ್ತಪರೀಕ್ಷೆಯಲ್ಲೇ ತಿಳಿಯಬೇಕು.

ರಿಪೋರ್ಟ್ ಬರುವ ದಿನ ನಾನೂ ಬಸ್ಸಿನಲ್ಲಿದ್ದೆ. ಆಸ್ಪತ್ರೆಯ ಗೇಟಿನೆದುರು ಒಂದು ಸೀಟಿ, ಬಸ್ಸು ನಿಂತಿತು. “ಒಂಚೂರು ಕೂತಿರಿ, ಹೋದೆ ಬಂದೆ!” ಎಂದು ಓಡಿದಳು. ಬಸ್ಸಿನಲ್ಲಿ ಎಲ್ಲರಿಗೂ ವಿಷಯ ಗೊತ್ತು. ಸದಾ ಗೊಣಗುವ ತರಕಾರಿ ಅಜ್ಜಿಯೂ ಉಸಿರು ಬಿಗಿಹಿಡಿದು ಕುಳಿತಿದ್ದರು.

ಒಳಗೆ ನಡೆದದ್ದನ್ನು ಆಮೇಲೆ ನರ್ಸಮ್ಮನೇ ಹೇಳಿದರು. “ಮಗಳಿಗೆ ವೈರಸ್ ಇಲ್ಲ ಕಣಮ್ಮ, ಲಸಿಕೆ ಚೆನ್ನಾಗಿ ಕೆಲಸ ಮಾಡಿದೆ” ಎಂದಾಗ ಇವಳ ಕೈ ತಾನಾಗಿ ಸೀಟಿಗೆ ಹೋಯಿತಂತೆ.

ಪೀ! ಪೀ!

ಡ್ರೈವರಣ್ಣ ಗೇರು ಹಾಕಿ ಹೊರಟೇಬಿಟ್ಟ.

“ಕಂಡಕ್ಟರೇ ಇಲ್ಲ, ನಿಲ್ಸಪ್ಪಾ!”

“ಸೀಟಿ ಕೇಳಿಸ್ತಲ್ಲ!”

ಹಿಂದೆ ನೋಡಿದರೆ ಆಕೆ ನಗುತ್ತ, ಊದುತ್ತ ಓಡಿ ಬರುತ್ತಿದ್ದಾಳೆ. ಸಂತೋಷದ ಭರದಲ್ಲಿ ಎರಡೆರಡೇ ಊದುತ್ತಿದ್ದಾಳೆ! ಊದಿದಷ್ಟೂ ಬಸ್ಸು ಜೋರಾಯಿತು.

“ಒಂದೇ ಊದಮ್ಮಾ, ಒಂದೇ!” ಎಂದು ಬಸ್ಸಿಗೆ ಬಸ್ಸೇ ಕೂಗಿತು.

ಕೊನೆಗೊಂದು ಉದ್ದನೆಯ ಸೀಟಿ. ಏದುಸಿರು ಬಿಡುತ್ತ ಹತ್ತಿದಳು.

“ಅಜ್ಜೀ, ಮಗೂಗೆ ವೈರಸ್ ಇಲ್ವಂತೆ!”

“ಗೊತ್ತಾಯ್ತು ಕಣೇ. ಅರ್ಧ ಊರಿಗೇ ಗೊತ್ತಾಯ್ತು!”

ಆಕೆಯ ಮನೆಯ ಹತ್ತಿರದ ನಿಲ್ದಾಣದಲ್ಲಿ ಅತ್ತೆ ಮಗುವನ್ನೆತ್ತಿಕೊಂಡು ಕಾದಿದ್ದರು. ಒಂದು ಸೀಟಿ ಊದಿ ಕೆಳಗೆ ಹಾರಿದಳು. ಹಣೆ, ಗಲ್ಲ, ಕಿವಿ, ಮೂಗು, ಯಾವುದನ್ನೂ ಬಿಡಲಿಲ್ಲ. “ಸಾಕು ಬಿಡೇ, ಮಗು ಸವೆದುಹೋದೀತು!” ಎಂದು ಅತ್ತೆ ಕಣ್ಣೊರೆಸಿಕೊಂಡರು.

“ಹೊರಡೋಣ್ವಾ ತಂಗೀ?” ಡ್ರೈವರಣ್ಣ ಮುಂದೆಯೇ ನೋಡುತ್ತ ಕೇಳಿದ.

ಎರಡು ಸೀಟಿ ಬೇಕಿತ್ತು. ಊದಬೇಕಾದ ಬಾಯಿ ಮಗಳ ಕೆನ್ನೆಯ ಮೇಲಿತ್ತು.