ಇರುವೆ ಕಚ್ಚಿದವರ ರಕ್ತ

ಒಂದು ಸಂಶೋಧನೆಗಾಗಿ ಕಾಯಿಲೆ ಇಲ್ಲದವರನ್ನು ಹುಡುಕಿಕೊಂಡು ಹೋಗಿ ರಕ್ತ ತೆಗೆಯುವುದು ನನ್ನ ಕೆಲಸ. ಆರೋಗ್ಯವಂತರಲ್ಲೂ ರೋಗ ತಡೆಯುವ ಶಕ್ತಿ ಒಬ್ಬೊಬ್ಬರಿಗೆ ಒಂದೊಂದು ಥರ ಇರುತ್ತದಂತೆ. ಅದು ತಿಳಿದರೆ ಅವರವರ ಮೈಗೆ ಒಗ್ಗುವ ಔಷಧಿ ಕೊಡಬಹುದು.

ಸೋಮವಾರಪೇಟೆ ಕಡೆಯ ಎಸ್ಟೇಟೊಂದಕ್ಕೆ ಹೋದಾಗ ಕಾಫಿ ಕೊಯ್ಲು ಜೋರಾಗಿತ್ತು. ಮಧ್ಯಾಹ್ನ ಊಟಕ್ಕೆಂದು ಕೂಲಿಯವರ ಲೈನ್ ಮನೆಗೆ ಬಂದಿದ್ದ ಗೌರಮ್ಮ ಮೊದಲು ತೋಳು ಚಾಚಿದರು. ಮೊಣಕೈವರೆಗೂ ಕೆಂಪಿರುವೆ ಕಚ್ಚಿದ ದದ್ದು!

"ಹದಿನೈದು ದಿನದೊಳಗೆ ಹುಳ ಕಚ್ಚಿದ್ರೆ ರಕ್ತ ತಗೊಳ್ಳೋ ಹಾಗಿಲ್ಲ ಗೌರಮ್ಮ. ಫಾರಂ ಪ್ರಕಾರ ನೀವು ಆರೋಗ್ಯವಂತರಲ್ಲ," ಅಂದೆ.

ಅವರು ತೋಳು ಹಿಂದಕ್ಕೆಳೆಯಲಿಲ್ಲ. "ಬೆಳಿಗ್ಗೆಯಿಂದ ಒಂದೂವರೆ ಚೀಲ ಹಣ್ಣು ಕೊಯ್ದಿದೀನಿ, ನಂಗೇನಾಗಿದೆ? ಇರುವೆ ಕಚ್ಚದೆ ಇರೋರು ಬೇಕಂದ್ರೆ ಓನರ್ ಬಂಗ್ಲೆಗೆ ಹೋಗಿ. ಆಮೇಲೆ ನಿಮ್ಮ ಔಷಧಿನೂ ಅವರಿಗೇ ಕೊಡಿ."

ಅಲ್ಲಿಂದಲೇ ನಮ್ಮ ಮೇಲಧಿಕಾರಿ ಸರ್‌ಗೆ ಫೋನ್ ಮಾಡಿದೆ.

"ರೂಲ್ಸ್ ಅಂದ್ರೆ ರೂಲ್ಸು. ಕಚ್ಚದೆ ಇರೋರನ್ನ ಹುಡುಕಿ," ಅಂದರು.

"ಕೊಯ್ಲಿನ ಟೈಮಲ್ಲಿ ಅಂಥವರು ಇಡೀ ಲೈನಲ್ಲಿ ಒಬ್ಬರೂ ಇಲ್ಲ ಸರ್. ನಾನು ತಗೋತೀನಿ. ಇರುವೆ ಕಚ್ಚಿದೆ ಅಂತಲೂ ಬರೀತೀನಿ. ಬೇಡ ಅನ್ನಿಸಿದ್ರೆ ನೀವೇ ಬಂದು ಇವರ ಎದುರಿಗೇ ಚೆಲ್ಲಿ."

ಮರುದಿನ ಸರ್ ನಿಜಕ್ಕೂ ಬಂದರು. ಗೌರಮ್ಮನನ್ನು ಕಾಣಲು ತೋಟಕ್ಕಿಳಿದು ನಾಲ್ಕು ಗಿಡ ದಾಟುವಷ್ಟರಲ್ಲಿ ಪ್ಯಾಂಟು ಕೊಡವುತ್ತಾ ಕುಣಿಯತೊಡಗಿದರು. ಗೌರಮ್ಮ ಅವರ ಕಾಲರಿನಿಂದ ಒಂದು ಇರುವೆ ಹೆಕ್ಕಿ ಬಿಸಾಡಿ, "ಇನ್ನು ಹದಿನೈದು ದಿನ ನಿಮಗೂ ಹುಷಾರಿಲ್ಲ ಸಾರ್," ಅಂದರು.

ಫಾರಂ ಪ್ರಕಾರ, ಅವತ್ತು ಆ ತೋಟದಲ್ಲಿ ಆರೋಗ್ಯವಾಗಿ ಉಳಿದದ್ದು ಇರುವೆಗಳು ಮಾತ್ರ.