ಮರುಳಪ್ಪ ಅಲ್ಲಾಡಿಸಿದ ಕಾಯಿ

ಹಾಲ್ಕುರಿಕೆಯ ಮರುಳಪ್ಪ ಬಾವಿಗೆ ಬಿದ್ದ ಕೊಡಗಳನ್ನು ಮುಳುಗಿ ಎತ್ತಿಕೊಡುತ್ತಲೇ ಬೆಳೆದು, ನೌಕಾಪಡೆಯಲ್ಲಿ ಮುಳುಗುಗಾರನಾದ. ಬಚ್ಚಲಲ್ಲಿ ಕಾಲು ಜಾರಿದರೇ ಮನೆದೇವರನ್ನು ಕೂಗುವ ನಮ್ಮಂಥವರಿಗೆ ಅದೇ ದೊಡ್ಡ ಶೌರ್ಯ.

ಎಪ್ಪತ್ತೇಳರಲ್ಲಿ, ಕಡಲಲ್ಲಿ ಮುಳುಗಿದ್ದ ಹಳೆಯ ಯುದ್ಧನೌಕೆಯೊಳಗೆ ಸಿಡಿಯದೆ ಉಳಿದಿದ್ದ ಫಿರಂಗಿ ಗುಂಡುಗಳನ್ನು ಹೊರತೆಗೆಯುವ ಕೆಲಸ ಬಂತು. ಜೊತೆಗಾರ ನಮ್ಮ ಪಕ್ಕದ ಹುಳಿಯಾರು ಕಡೆಯ ಜುಂಜಯ್ಯ. ಬೆಳಿಗ್ಗೆಯೇ ಇಬ್ಬರಿಗೂ ಜಗಳವಾಗಿತ್ತು.

"ಕುರಿ ಕಾಯೋನಿಗೆ ಕಡಲು ಯಾಕ್ಲಾ?" ಎಂದು ಕೆಣಕಿದ್ದ ಮರುಳಪ್ಪ.

"ನೀರೊಳಗೆ ಸಿಕ್ಕು, ಹಲ್ಲು ಉದುರಿಸ್ತೀನಿ" ಎಂದಿದ್ದ ಜುಂಜಯ್ಯ.

ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಲ್ಲಿ ರಬ್ಬರ್ ನಳಿಗೆ. ಇಬ್ಬರೂ ಇಳಿದರು. ಹಡಗಿನ ತುಕ್ಕು ಹಿಡಿದ ಕೋಣೆಗೆ ಟಾರ್ಚು ಬಿಟ್ಟರೆ, ಗುಡ್ಡೆ ಬಿದ್ದ ಗುಂಡುಗಳು ಕೊಬ್ಬರಿಯಾಗಲೆಂದು ಮನೆಯ ಅಟ್ಟಕ್ಕೆ ಹಾಕಿದ ತೆಂಗಿನಕಾಯಿಗಳ ಹಾಗೇ ಕಂಡವು. ಮರುಳಪ್ಪನ ಕೈ ಸುಮ್ಮನಿರಬೇಕಲ್ಲ! ಒಂದನ್ನೆತ್ತಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಎಂದು ಕೇಳುವವನಂತೆ ಕಿವಿಯ ಬಳಿ ಅಲ್ಲಾಡಿಸಿದ.

ಪರಸ್ಥಳದವನಾಗಿದ್ದರೆ ಹುಚ್ಚೆಂದು ಸುಮ್ಮನಾಗುತ್ತಿದ್ದ. ಜುಂಜಯ್ಯನಿಗೆ ಮುಂದಿನದೂ ಗೊತ್ತಿತ್ತು: ನಮ್ಮ ಕಡೆ ಅಲ್ಲಾಡಿಸಿ ನೋಡಿದ ಕಾಯಿಯನ್ನು ಯಾರೂ ಕೆಳಗಿಡುವುದಿಲ್ಲ, ಗುಡ್ಡೆಗೆ ಎಸೆಯುತ್ತಾರೆ. ನುಗ್ಗಿ ಬಂದು ಮಣಿಕಟ್ಟು ಹಿಡಿದ.

ಬೆಳಗಿನ ಮಾತು ನಡೆಸಲು ಬಂದನೆಂದುಕೊಂಡ ಮರುಳಪ್ಪ ಸೊಂಟದ ಚಾಕು ಸೆಳೆದು ಅವನ ತೋಳನ್ನು ಮೊಣಕೈವರೆಗೆ ಸೀಳಿದ. ರಕ್ತ ಕರಿಹೊಗೆಯಂತೆ ಎದ್ದಿತು. ಜುಂಜಯ್ಯ ಹಿಡಿತ ಬಿಡಲಿಲ್ಲ. ಟಾರ್ಚಿನಿಂದಲೇ ಮುಖಕ್ಕೆ ಬಾರಿಸಿದ. ಮರುಳಪ್ಪನ ಮುಖಗವಸಿನ ಗಾಜು ಒಡೆದು ಮೂಗು ಮುರಿಯಿತು. ಅವನ ನಳಿಗೆಯನ್ನೂ ಬಾಯಿಂದ ಕಿತ್ತೆಸೆದ. ಉಪ್ಪುನೀರು ಗಂಟಲಿಗೆ ನುಗ್ಗಿ, ಎದೆ ಬಿರಿಯುವ ಹೊತ್ತಿಗೆ ಮರುಳಪ್ಪನ ಬೆರಳುಗಳು ಸಡಿಲಗೊಂಡವು. ಜುಂಜಯ್ಯ ಗುಂಡನ್ನು ಕೂಸು ಮಲಗಿಸಿದಂತೆ ಕೆಳಗಿಟ್ಟು, ಆಮೇಲಷ್ಟೇ ನಳಿಗೆಯನ್ನು ಅವನ ಬಾಯಿಗೆ ತುರುಕಿದ.

ದೋಣಿಯಲ್ಲಿ ರಕ್ತ ಉಗುಳುತ್ತ ಮರುಳಪ್ಪ ಕೇಳಿದ: "ಕೊಲ್ಲೋಕ್ ಬಂದಿದ್ದೇನ್ಲಾ?"

"ಅದೇನ್ ನಿಮ್ಮಪ್ಪನ ಅಟ್ಟ ಏನ್ಲಾ? ಎಸ್ದಿದ್ರೆ ಇಬ್ರ ಬುರುಡೆನೂ ಹೋಳಾಗಿರೋವು ಕಣ್ಲಾ!"

ಮರುಳಪ್ಪ ಅಂಗಿ ಹರಿದು, ತಾನೇ ಸೀಳಿದ ತೋಳಿಗೆ ಸುತ್ತಿದ.

ಕೆಲಸ ಬಿಟ್ಟು ಊರಿಗೆ ಬಂದ ವರ್ಷ, ಕೊಬ್ಬರಿ ಒಡೆಯುವ ದಿನ ಜುಂಜಯ್ಯನನ್ನೂ ಕರೆಸಿದ. ಅಟ್ಟದ ಮೇಲೆ ಒಂದೊಂದೇ ಕಾಯಿ ಅಲ್ಲಾಡಿಸಿ, ಎರಡು ಕೈಯಲ್ಲಿ ಮೆಲ್ಲಗೆ ಕೆಳಗಿಡುತ್ತಿದ್ದ.

"ಎಸೀರಿ ಅಂದ್ರೆ! ಹಿಂಗಾದ್ರೆ ಯುಗಾದಿ ಬತ್ತದೆ" ಎಂದಳು ಹೆಂಡತಿ ಗುರುಶಾಂತಮ್ಮ.

"ಇರೇ, ಜುಂಜ ನೋಡ್ತವ್ನೆ."

ಕೆಳಗೆ ಜಗಲಿಯಲ್ಲಿ ಗಾಯದ ತೋಳಿನ ಜುಂಜಯ್ಯ ಬೆಲ್ಲ ಕೊಬ್ಬರಿ ಅಗಿಯುತ್ತ, ಅಟ್ಟದತ್ತ ಒಂದು ಕಣ್ಣಿಟ್ಟೇ ಕೂತಿದ್ದ.