ಅಮ್ಮನ ತಂಪು, ಪಂಪಿನ ಉಷ್ಣ

ನಮ್ಮ ಮನೆಯಲ್ಲಿ ಸೈಕಲ್ ಇರಲಿಲ್ಲ. ಸೈಕಲ್ ಪಂಪ್ ಮಾತ್ರ ಇತ್ತು, ಅದೂ ನಡುಮನೆಯಲ್ಲಿ, ಟಿವಿ ಪಕ್ಕ. ಬಂದವರು ಯಾಕೆ ಅಂತ ಕೇಳಿದರೆ "ಅಮ್ಮನ ಔಷಧಿ" ಅನ್ನುತ್ತಿದ್ದೆ. ಆಮೇಲೆ ಅವರು ಕಾಫಿ ಕುಡಿದು ಬೇಗ ಹೊರಟುಬಿಡುತ್ತಿದ್ದರು.

ಅಮ್ಮನ ಲೋಕದಲ್ಲಿ ಇರುವುದು ಎರಡೇ ಜಾತಿ, ಉಷ್ಣ ಮತ್ತು ತಂಪು. ಪರಂಗಿಹಣ್ಣು ಉಷ್ಣ, ಮೆಂತ್ಯ ತಂಪು. ಮೊಬೈಲ್ ಉಷ್ಣ, ಟೈಲ್ಸ್ ನೆಲ ತಂಪು. ನಾನು ದೊಡ್ಡಬಳ್ಳಾಪುರದ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಶಾಖದ ಮೇಲೆ ವರ್ಷವರ್ಷ ಪಾಠ ಮಾಡಿಯೂ ನನ್ನ ಲೆಕ್ಕ ಅಮ್ಮನ ಲೆಕ್ಕಕ್ಕೆ ಒಂದು ದಿನವೂ ತಾಳೆಯಾಗಿಲ್ಲ.

ಅಮ್ಮನಿಗೆ ದಮ್ಮು ಶುರುವಾಗಿ, ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟರು. ದಿನಾ ತೆಗೆದುಕೊಳ್ಳಬೇಕು, ಉಸಿರು ಕಟ್ಟಿದರೆ ಆಗಲೂ ತೆಗೆದುಕೊಳ್ಳಬೇಕು, ಬಿಡಲೇಬಾರದು ಅಂದರು. ಅಮ್ಮ ಮೊದಲ ಸಲ ಬಾಯಿಗಿಟ್ಟು ಒತ್ತಿಕೊಂಡಾಗ ಗಂಟಲಿಗೆ ತಣ್ಣಗೆ ಹೊಡೆಯಿತು. ಅಲ್ಲಿಗೆ ತೀರ್ಪು ಹೊರಬಿತ್ತು.

"ಇದು ತಂಪು ಕಣೋ. ದಮ್ಮಿಗೆ ಯಾರಾದ್ರೂ ತಂಪು ಕೊಡ್ತಾರಾ? ಆ ಡಾಕ್ಟ್ರಿಗೆ ಅವರಮ್ಮ ಏನೂ ಹೇಳ್ಕೊಟ್ಟಿಲ್ವಾ?"

ಇನ್‌ಹೇಲರ್ ಕಿಟಕಿಯ ಮೂಲೆ ಸೇರಿತು. ಅಮ್ಮ ಬಚ್ಚಲಿನಿಂದ ನಡುಮನೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅವಳ ಎದೆಯ ಸೀಟಿ ಅಡುಗೆಮನೆಗೆ ಕೇಳುತ್ತಿತ್ತು. ನನಗೆ ಭಯವಾಗುತ್ತಿತ್ತು. ಭಯವಾದಾಗ ನಾನು ಪಾಠ ಮಾಡುತ್ತೇನೆ, ಬೇರೆ ವಿದ್ಯೆ ನನಗೆ ಬರುವುದಿಲ್ಲ.

ಪಂಚರ್ ಅಂಗಡಿಯಿಂದ ಹಳೇ ಪಂಪೊಂದನ್ನು ತಂದೆ. ಗಾಳಿ ಸ್ವಲ್ಪವೇ ನುಸುಳುವಂತೆ ಅದರ ಪೈಪನ್ನು ಮಡಚಿ ಕಾಲಡಿ ಒತ್ತಿಕೊಂಡು, ಹಿಡಿಯನ್ನು ದಬದಬ ಒತ್ತುತ್ತಾ ಶುರುಮಾಡಿದೆ.

"ನೋಡಮ್ಮ, ಗಾಳಿನ ಗಬಕ್ಕನೆ ಒತ್ತಿದ್ರೆ ಅದರ ಶಾಖಕ್ಕೆ ಹೊರಗೆ ಹೋಗೋಕೆ ಪುರುಸೊತ್ತಿರಲ್ಲ. ಜಾಗ ಅರ್ಧ ಆದ್ರೆ ಒತ್ತಡ ಎರಡರಷ್ಟಾಗ್ಬೇಕು ತಾನೇ? ಅಲ್ಲ, ಎರಡೂವರೆನೂ ದಾಟ್ತದೆ. ಯಾಕಂದ್ರೆ ಒಳಗಿರೋ ಗಾಳಿ ಬಿಸಿಯಾಗಿ ಇನ್ನೂ ಜೋರಾಗಿ ತಳ್ತದೆ. ಅದೇ ಗಾಳಿ ಒಂದೇ ಸಲ ಹಿಗ್ಗಿದ್ರೆ ತಣ್ಣಗಾಗ್ತದೆ. ನಿನ್ನ ಗಂಟಲಿಗೆ ಹೊಡೆದಿದ್ದು ಆ ಹಿಗ್ಗಿದ ತಂಪು, ಔಷಧಿದಲ್ಲ. ಇದಕ್ಕೆ ಸ್ಥಿರೋಷ್ಣ ಪ್ರಕ್ರಿಯೆ ಅಂತಾರೆ."

"ಸ್ಥಿರ ಉಷ್ಣವಾ?" ಅಮ್ಮ ತಲೆಯಾಡಿಸಿದಳು. "ಹಂಗಂದ್ರೆ ಯಾವಾಗ್ಲೂ ಉಷ್ಣ. ನಿಮ್ಮಪ್ಪಂಗೆ ಇದ್ದಿದ್ದೂ ಅದೇ."

ಈ ಪದವನ್ನು ಯಾರು ಕಟ್ಟಿದರೋ, ಅವರು ಎದುರು ಸಿಕ್ಕರೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಶಾಖ ಒಳಗೆ ಬರುವುದಿಲ್ಲ, ಹೊರಗೆ ಹೋಗುವುದಿಲ್ಲ ಅಂತ ಅದರ ಅರ್ಥ. ಉಷ್ಣಾಂಶವೋ ಏರುತ್ತದೆ, ಇಳಿಯುತ್ತದೆ, ಸ್ಥಿರವಾಗಿ ಕೂರುವುದೇ ಇಲ್ಲ. ಪ್ರತಿವರ್ಷ ನನ್ನ ವಿದ್ಯಾರ್ಥಿಗಳು "ಉಷ್ಣಾಂಶ ಸ್ಥಿರ" ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಅಮ್ಮನಿಗೆ ಕಳೆದುಕೊಳ್ಳಲು ಅಂಕವಿರಲಿಲ್ಲ, ಹಾಗಾಗಿ ತನ್ನ ಅರ್ಥವನ್ನೇ ಇಟ್ಟುಕೊಂಡಳು. ಇನ್ನೊಂದು ಮಾತು. ಇನ್‌ಹೇಲರಿನ ತಂಪಿನಲ್ಲಿ ಒಳಗಿನ ದ್ರವ ಆವಿಯಾಗುವುದರ ಪಾಲೇ ದೊಡ್ಡದು. ಅದನ್ನು ನಾನು ಬಾಯಿಬಿಡಲಿಲ್ಲ. ಗಾಳಿಗೇ ಇಷ್ಟು ಗಲಾಟೆಯಾದರೆ ದ್ರವ ಅಂದಿದ್ದರೆ ಕಥೆ ಮುಗಿದೇಹೋಗುತ್ತಿತ್ತು.

ಅಮ್ಮ ಬಗ್ಗಿ ಪಂಪಿನ ಬುಡ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಮುಖ ಅರಳಿತು.

"ಇದು ಉಷ್ಣ. ಸರಿ ಹಂಗಾದ್ರೆ, ಇದನ್ನ ಒಂದು ಕೈಲಿ ಹಿಡ್ಕೋತೀನಿ, ಅದನ್ನ ಬಾಯಿಗೆ ಹೊಡ್ಕೋತೀನಿ. ಸಮ ಆಗ್ತದೆ."

ಅವತ್ತಿನಿಂದ ನನ್ನ ಬೆಳಗು ಹೀಗಾಯಿತು. ಹೆಂಡತಿ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಮೊದಲ ಶಿಫ್ಟಿಗೆ ಹೋದ ಮೇಲೆ, ಮೇಷ್ಟರಾದ ನಾನು ಪಂಚೆ ಎತ್ತಿಕಟ್ಟಿ ನಡುಮನೆಯಲ್ಲಿ ಯಾವ ಟೈರಿಗೂ ಅಲ್ಲದ ಗಾಳಿ ಹೊಡೆಯುತ್ತಿದ್ದೆ. ಸುಸ್ತಾಗಿ ನಿಧಾನಮಾಡಿದರೆ ಅಮ್ಮ ಬುಡ ಮುಟ್ಟಿ "ಬಿಸಿ ಇಲ್ಲ" ಅನ್ನುವಳು. ಮಾತು ಸರಿಯೇ. ನಿಧಾನಕ್ಕೆ ಒತ್ತಿದರೆ ಶಾಖ ಸೋರಿಹೋಗಿ, ಉಷ್ಣಾಂಶ ಏರದೆ, ಅದು ಸಮತಾಪ ಪ್ರಕ್ರಿಯೆಯಾಗಿಬಿಡುತ್ತದೆ. ಒಮ್ಮೆ ಒಳಗಿನ ತೊಗಲಿನ ವಾಷರ್ ಒಣಗಿತು ಅಂತ ಕೊಬ್ಬರಿ ಎಣ್ಣೆ ಹಚ್ಚಿದ್ದಕ್ಕೆ ದೊಡ್ಡ ರಾದ್ಧಾಂತವಾಯಿತು. ಕೊಬ್ಬರಿ ಎಣ್ಣೆ ತಂಪಂತೆ. ಒರೆಸಿ ಎಳ್ಳೆಣ್ಣೆ ಹಚ್ಚಿದೆ. ನಗುವವರು ನಗಲಿ, ಅಮ್ಮ ಔಷಧಿ ಬಿಡಲಿಲ್ಲ, ಎದೆಯ ಸೀಟಿ ನಿಂತಿತು. ನನಗೆ ಬೇಕಾಗಿದ್ದು ಅಷ್ಟೇ.

ಉಸಿರು ಸಲೀಸಾದ ಮೇಲೆ ಅಮ್ಮನಿಗೆ ಶಿವಗಂಗೆ ಬೆಟ್ಟ ನೆನಪಾಯಿತು.

"ಅಲ್ಲಿ ಲಿಂಗದ ಮೇಲೆ ಹಾಕಿದ ತುಪ್ಪ ಬೆಣ್ಣೆ ಆಗ್ತದೆ. ಅದಕ್ಕೆ ಯಾವ ಪ್ರಕ್ರಿಯೆ ಅಂತಾರೋ?"

"ನಮ್ಮ ಸಿಲಬಸ್‌ನಲ್ಲಿ ಇಲ್ಲ ಕಣಮ್ಮ."

ಬೆಟ್ಟದ ತುದಿವರೆಗೆ ಹತ್ತುವುದು ಬೇಡ, ಕೆಳಗಿನ ಗುಡಿಯ ಮೆಟ್ಟಿಲು ಮಾತ್ರ ಅಂತ ಒಪ್ಪಂದವಾಯಿತು. ಇನ್‌ಹೇಲರ್ ನನ್ನ ಅಂಗಿ ಜೇಬಿನಲ್ಲಿ. ಪಂಪ್ ಚೀಲದಲ್ಲಿ, ಹಿಡಿ ಹೊರಗೆ ಇಣುಕುತ್ತಿತ್ತು. ಮೆಟ್ಟಿಲ ಬುಡದಲ್ಲಿ ಒಬ್ಬ ಭಕ್ತ ಅದನ್ನು ನೋಡಿ, "ಏನ್ ಗುರು, ಮೇಲಕ್ಕೆ ಸೈಕಲ್‌ನಲ್ಲಾ?" ಅಂದ. ಪೂಜೆಯ ಬಾಳೆಹಣ್ಣನ್ನೂ ಅದೇ ಚೀಲಕ್ಕೆ ಹಾಕಿದ್ದೆ. ಭೌತಶಾಸ್ತ್ರ ಓದಿದವನಿಗೆ ಕೋತಿಯ ಶಾಸ್ತ್ರ ತಿಳಿದಿರಬೇಕೆಂದೇನೂ ಇಲ್ಲ.

ಅರ್ಧ ದಾರಿಯಲ್ಲಿ ಕೋತಿ ಚೀಲ ಕಿತ್ತುಕೊಂಡು ಬಂಡೆಯ ಮೇಲೆ ಹೋಗಿ ಕೂತಿತು. ಹಣ್ಣು ತಿಂದಿತು. ಪಂಪನ್ನು ಹೊರಗೆಳೆದು, ಹಿಡಿಯನ್ನು ಒಮ್ಮೆ ಮೇಲೆತ್ತಿ ನೋಡಿ, ಆಚೆ ಬದಿಗೆ ಎಸೆಯಿತು. ಅದು ಕಲ್ಲಿಗೆ ಬಡಿಯುತ್ತಾ ಕೆಳಗಿಳಿದ ಸದ್ದು ಕೇಳಿತು.

ಆ ಸದ್ದು ನಿಂತ ಮೇಲೆ ಇನ್ನೊಂದು ಸದ್ದು ಕೇಳಿತು, ಹಳೆಯ ಸೀಟಿ. ಅಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಭುಜ ಏರಿಳಿಯುತ್ತಿತ್ತು, ತುಟಿಯ ಬಣ್ಣ ಇಳಿದಿತ್ತು.

"ಪಂಪು?" ಅಂದಳು, ಆ ಒಂದು ಮಾತಿಗೇ ಉಸಿರು ಸಾಲದೆ.

"ಹೋಯ್ತಮ್ಮ."

ಇನ್‌ಹೇಲರ್ ತೆಗೆದು ಹಿಡಿದೆ. ಅಮ್ಮ ಮುಖ ತಿರುಗಿಸಿದಳು. ಪಾಠ ಮಾಡೋಣ ಅಂತ ಬಾಯಿ ತೆರೆದೆ. ಗಾತ್ರ, ಒತ್ತಡ, ಯಾವುದೂ ಹೊರಗೆ ಬರಲಿಲ್ಲ. ಇನ್‌ಹೇಲರ್ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಅಮ್ಮ ಆ ಕೈಯನ್ನು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಇನ್‌ಹೇಲರನ್ನು ಕಿತ್ತುಕೊಂಡು ಬಾಯಿಗಿಟ್ಟು ಒತ್ತಿದಳು.

ಸೀಟಿ ಇಳಿಯುವವರೆಗೆ ನಾನು ಅವಳ ಭುಜವನ್ನೇ ನೋಡುತ್ತಾ ಕೂತಿದ್ದೆ. ಕೊನೆಗೆ ಅವಳು ಅಂಗೈ ಮುಂದೆ ಚಾಚಿದಳು.

"ತಂಪು ತಗೊಂಡಾಯ್ತು. ಈಗ ಉಷ್ಣ ಕೊಡು."

"ಪಂಪಿಲ್ವಲ್ಲಮ್ಮ."

"ಕೈ ಇಲ್ವಾ? ಉಜ್ಜು."

"ಅದು ಘರ್ಷಣೆ ಕಣಮ್ಮ, ಬೇರೆ ಅಧ್ಯಾಯ."

"ಉಜ್ಜೋ."

ಎರಡೂ ಅಂಗೈ ಉಜ್ಜಿ ಅವಳ ಕೈ ಹಿಡಿದುಕೊಂಡೆ. ಅವಳ ಕೈ ಬೆಚ್ಚಗೇ ಇತ್ತು. ಅಷ್ಟು ಉಜ್ಜಿಯೂ ನನ್ನದೇ ಮಂಜುಗಡ್ಡೆಯಾಗಿತ್ತು. ಅಮ್ಮ ಅದನ್ನು ತನ್ನ ಮಡಿಲಿಗೆ ಎಳೆದುಕೊಂಡು, ಸೆರಗಿನಲ್ಲಿ ಸುತ್ತಿ, ತಾನೇ ಉಜ್ಜತೊಡಗಿದಳು.

"ಭಯ ತಂಪು ಕಣೋ," ಅಂದಳು.